ನಲವತ್ತೈದು ದಿನದ ಆಯಸ್ಸು

ಸೆಪ್ಟೆಂಬರ್ 3, 2018, ಸೋಮವಾರ

ಒಂದು ನಿಯಮದಿಂದ ಆರಂಭಿಸುತ್ತೇನೆ. ಈ ದಿನಚರಿಯ ವಿಷಯ ವ್ಯವಹಾರ, ಶೋಕವಲ್ಲ. ಆದ್ದರಿಂದ ಹೇಳಬೇಕಾದದ್ದನ್ನು ಒಮ್ಮೆಗೇ ಹೇಳಿ ಮುಗಿಸುತ್ತೇನೆ. ನನ್ನ ಮಗಳು ಲುಡ್ವಿಕಾ ಮೇ ತಿಂಗಳಲ್ಲಿ ತೀರಿಕೊಂಡಳು. ಅವಳಿಗೆ ಇಪ್ಪತ್ತೆಂಟು ವರ್ಷ. ಇಲ್ಲಿ, ಪೋಲೆಂಡಿನ ತೊರೂನ್ ನಗರದ ಹಳೆಯ ಪೇಟೆಯಲ್ಲಿ, ಅವಳು ನಡೆಸುತ್ತಿದ್ದ ಜೇನುಕೇಕಿನ ಅಂಗಡಿ ಇಂದಿನಿಂದ ನನ್ನ ಹೆಸರಿಗೆ ಬಂದಿದೆ. ಇನ್ನು ಮುಂದೆ ಈ ಪುಟಗಳಲ್ಲಿ ಅವಳನ್ನು ‘ಹಿಂದಿನ ಮಾಲೀಕರು’ ಎಂದೇ ಬರೆಯತಕ್ಕದ್ದು. ಕಾಲೇಜಿನ ಚರ್ಚಾಕೂಟದಲ್ಲಿ ವಿಷಯಾಂತರ ಮಾಡಿದವನ ಅಂಕ ಕಳೆಯುತ್ತಿದ್ದರು. ಕಳೆಯಬೇಕಾದದ್ದೇ.

ಜೀವಮಾನವಿಡೀ ಲ್ಯಾಟಿನ್ ಮತ್ತು ತರ್ಕಶಾಸ್ತ್ರ ಕಲಿಸಿದವನಿಗೆ ಕೇಕು ಮಾರುವುದು ಕಷ್ಟವಾಗಲಾರದು ಎಂದುಕೊಂಡಿದ್ದೆ. ಒಲೆಯ ಮುಂದೆ ಇಪ್ಪತ್ತು ವರ್ಷ ಸವೆಸಿದ ಗೆನೊವೆಫಾ ಆ ನಂಬಿಕೆಯನ್ನು ಬೆಳಗ್ಗೆಯೇ ಮುರಿದಳು.

“ಮೇಷ್ಟ್ರೇ, ಗಿರಾಕಿ ಹತ್ರ ವಾದ ಮಾಡ್ಬಾರ್ದು.”

“ಆಕೆ ಹೇಳಿದ್ದು ತಪ್ಪು. ನಮ್ಮ ಕೇಕಿನಲ್ಲಿ ಶುಂಠಿಗಿಂತ ಲವಂಗ ಮುಖ್ಯ.”

“ತಪ್ಪೇ ಇರ್ಲಿ. ಕೊಳ್ಳೋಕೆ ಬಂದಿದ್ಲು. ನೀವು ಗೆದ್ರಿ, ಅವ್ಳು ಎದುರಂಗಡಿಗೆ ಹೋದ್ಲು. ಈಗ ಆ ಗೆಲುವನ್ನ ಪೊಟ್ಟಣ ಕಟ್ಟಿ ಮಾರೋಣ್ವಾ?”

ಅಂಗಡಿಯ ನೆಲಮಾಳಿಗೆಯ ಮೂಲೆಯಲ್ಲಿ ಬಟ್ಟೆ ಬಿಗಿದ ಮಣ್ಣಿನ ಜಾಡಿಯೊಂದಿದೆ. ಹೆಣ್ಣುಮಗು ಹುಟ್ಟಿದಾಗ ಜೇನು, ಹಿಟ್ಟು ಕಲಸಿ ಜಾಡಿಯಲ್ಲಿ ಮುಚ್ಚಿಟ್ಟು, ಆಕೆಯ ಮದುವೆಯ ದಿನ ತೆಗೆದು ಸುಡುವುದು ಇಲ್ಲಿಯ ಹಳೆಯ ಪದ್ಧತಿ. ಈಗ ಯಾರೂ ಪಾಲಿಸುವುದಿಲ್ಲ. ನನ್ನ ದಿವಂಗತ ಪತ್ನಿ ಅಪೊಲೊನ್ಯಾ ಪಾಲಿಸಿದ್ದಳು. ಹಿಂದಿನ ಮಾಲೀಕರ ಮದುವೆ ಈ ನವೆಂಬರ್ 24ಕ್ಕೆ ನಿಶ್ಚಯವಾಗಿತ್ತು. ಜಾಡಿಯನ್ನು ಏನು ಮಾಡುವುದೆಂದು ಗೆನೊವೆಫಾ ಕೇಳಿದಳು. ಅದು ವ್ಯವಹಾರದ ಆಸ್ತಿಯಲ್ಲ, ಇದ್ದಲ್ಲೇ ಇರಲಿ ಎಂದೆ.

ಸೆಪ್ಟೆಂಬರ್ 11

ಅಂಗಡಿಯ ತೆರಿಗೆ ಸಲಹೆಗಾರ ತಿಮೊನ್ ಬಂದಿದ್ದರು. ಹಿಂದಿನ ಮಾಲೀಕರನ್ನು ಮದುವೆಯಾಗಬೇಕಿದ್ದವರು ಇವರೇ. ಆ ಸಂಬಂಧ ಈಗ ಇಲ್ಲ, ಲೆಕ್ಕದ ಸಂಬಂಧ ಮಾತ್ರ ಉಳಿದಿದೆ. ಆದ್ದರಿಂದ ‘ನೀವು’ ಎಂದೇ ಮಾತನಾಡಿಸಿದೆ.

ಮೌಲ್ಯವರ್ಧಿತ ತೆರಿಗೆಯ ತತ್ತ್ವವನ್ನು ಅವರು ವಿವರಿಸಿದರು. ಜೇನು ಸಾಕುವವನು ಮಾರುವಾಗ ನಮ್ಮಿಂದ ತೆರಿಗೆ ವಸೂಲು ಮಾಡುತ್ತಾನೆ. ಹಿಟ್ಟಿನ ಗಿರಣಿಯವನೂ ಮಾಡುತ್ತಾನೆ. ನಾವು ಕೇಕು ಮಾರುವಾಗ ಗಿರಾಕಿಯಿಂದ ವಸೂಲು ಮಾಡಿ, ನಾವು ಮೊದಲು ಕೊಟ್ಟದ್ದನ್ನು ಅದರಲ್ಲಿ ಹಿಡಿದುಕೊಂಡು, ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತೇವೆ. ಪ್ರತಿಯೊಬ್ಬನೂ ಭಾರವನ್ನು ಮುಂದಿನ ಕೈಗೆ ದಾಟಿಸುತ್ತಾನೆ. ದಾಟಿಸಲು ಮುಂದೆ ಕೈಯೇ ಇಲ್ಲದವನು ಅದನ್ನು ಪೂರ್ತಿ ಹೊರುತ್ತಾನೆ. ರಚನೆ ಅಚ್ಚುಕಟ್ಟಾಗಿದೆ. ಇದನ್ನು ಕಂಡುಹಿಡಿದವನು ಚರ್ಚಾಕೂಟಕ್ಕೆ ಬಂದಿದ್ದರೆ ನನಗೆ ಸಮನಾದ ಎದುರಾಳಿಯಾಗುತ್ತಿದ್ದ.

ತೊಡಕು ದರದಲ್ಲಿದೆ. ನಮ್ಮ ಕಾನೂನಿನ ಪ್ರಕಾರ ನಲವತ್ತೈದು ದಿನದೊಳಗೆ ಬಾಳಿಕೆ ಮುಗಿಯುವ ಕೇಕಿಗೆ ನೂರಕ್ಕೆ ಎಂಟು. ಅದಕ್ಕಿಂತ ಒಂದು ದಿನ ಹೆಚ್ಚು ಬಾಳಿದರೆ ಇಪ್ಪತ್ಮೂರು. ಪ್ಲಮ್ ಜಾಮ್ ಹಚ್ಚಿದ ನಮ್ಮ ಪದರದ ಕೇಕು ಮೂರು ತಿಂಗಳು ಕೆಡುವುದಿಲ್ಲ.

“ಹಾಗಾದರೆ ನಾವು ಇಪ್ಪತ್ಮೂರು ಕಟ್ಟುತ್ತಿದ್ದೇವೆ” ಎಂದೆ.

“ಇಲ್ಲ ಸಾರ್, ಎಂಟು. ಪೊಟ್ಟಣದ ಮೇಲೆ ನಲವತ್ತೈದು ದಿನ ಅಂತ ಒತ್ತುತ್ತೀವಿ.”

“ಮೂರು ತಿಂಗಳು ಬಾಳುವುದಕ್ಕೆ?”

“ಎದುರಂಗಡಿಯವ್ರೂ ಅಷ್ಟೇ ಒತ್ತೋದು. ಮುಂಚೆ ಕೆಡುತ್ತೆ ಅಂದ್ರೆ ಯಾರ್ ಸಾರ್ ಜಗಳಕ್ಕೆ ಬರ್ತಾರೆ?”

“ಅಂದರೆ ಆರೋಗ್ಯವಾಗಿರುವುದರ ಮೇಲೆ ಸಾವಿನ ದಿನ ಬರೆದು ರಿಯಾಯಿತಿ ಪಡೆಯುತ್ತೀರಿ.”

ಮೇಜಿನ ಖಾನೆಯಲ್ಲಿ ರಬ್ಬರ್ ಮೊಹರು ಇತ್ತು. ಹಿಂದಿನ ಮಾಲೀಕರು ತಾವೇ ಕೂತು ಒತ್ತುತ್ತಿದ್ದರಂತೆ. ದೋಷ ಯಾರದಾದರೂ ದೋಷವೇ. ನಾಳೆಯಿಂದ ಪೊಟ್ಟಣದ ಮೇಲೆ ತೊಂಬತ್ತು ದಿನ ಎಂದು ಇರತಕ್ಕದ್ದು, ತೆರಿಗೆ ಇಪ್ಪತ್ಮೂರು ಕಟ್ಟತಕ್ಕದ್ದು ಎಂದು ಆಜ್ಞೆ ಮಾಡಿದೆ. ಗೆನೊವೆಫಾ ಹಿಟ್ಟಿನ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡಳು.

ಸೆಪ್ಟೆಂಬರ್ 20

ತೆರಿಗೆ ಕಚೇರಿಗೆ ಹೋಗಿದ್ದೆ. ಕಿಟಕಿಯಲ್ಲಿ ಕುನಿತ್ಸ್ಕಾ ಎಂಬ ಮಹಿಳೆ ಕುಂಡದ ಗಿಡಕ್ಕೆ ಚಹಾದ ಚರಟ ಹಾಕುತ್ತಿದ್ದರು.

“ಒಂದು ಕೇಕಿನ ಆಯಸ್ಸನ್ನು ನಿರ್ಧರಿಸುವವರು ಯಾರು?” ಎಂದು ಕೇಳಿದೆ.

“ದೇವ್ರು” ಎಂದರು. “ಆಮೇಲೆ ಮೂರನೇ ಮಹಡಿ.”

ಮೂರನೇ ಮಹಡಿಗೆ ಲಿಫ್ಟ್ ಇಲ್ಲ. ಅಲ್ಲಿದ್ದವರು ನನ್ನ ವಾದವನ್ನು ಕೊನೆಯವರೆಗೂ ಕೇಳಿ, ಇದು ಕೆಳಗಿನ ಕಿಟಕಿಯ ವಿಷಯ ಎಂದರು. ಇಳಿದು ಬಂದೆ.

“ಬೇಗ ಬಂದ್ರಿ” ಎಂದರು ಕುನಿತ್ಸ್ಕಾ. “ಜಾಸ್ತಿ ತೆರಿಗೆ ಕಟ್ತೀನಿ ಅಂತ ಜಗಳ ಆಡೋರನ್ನ ನಾನು ಇದೇ ಮೊದ್ಲು ನೋಡ್ತಿರೋದು. ಮನೇಲಿ ಎಲ್ಲಾ ಚೆನ್ನಾಗಿದೀರಾ ಸಾರ್?”

“ಪ್ರಶ್ನೆ ಅಪ್ರಸ್ತುತ.”

“ಹಾಗಾದ್ರೆ ಅರ್ಜಿ ಬರ್ದು ಕೊಡಿ. ಉತ್ತರ ಅಧಿಕೃತವಾಗಿ ಬರುತ್ತೆ. ಸರಿಯಾಗಿ ಬರುತ್ತೆ ಅಂತ ಹೇಳ್ತಿಲ್ಲ.”

ಅರ್ಜಿ ಹನ್ನೊಂದು ಪುಟವಾಯಿತು. ವಸ್ತುವಿನ ನಿಜವಾದ ಆಯಸ್ಸು ಮತ್ತು ಅದರ ಮೇಲೆ ಮನುಷ್ಯ ಬರೆದ ಆಯಸ್ಸು ಒಂದೇ ಅಲ್ಲವೆಂದೂ, ರಾಜ್ಯವು ಮೊದಲನೆಯದನ್ನೇ ಮಾನ್ಯ ಮಾಡತಕ್ಕದ್ದೆಂದೂ ವಾದಿಸಿದ್ದೇನೆ. ಇಷ್ಟು ಒಳ್ಳೆಯ ಗದ್ಯವನ್ನು ನಾನು ಬರೆದು ಬಹಳ ಕಾಲವಾಗಿತ್ತು.

ಅಕ್ಟೋಬರ್ 2

ಮಿಕ್ಕ ದೇಶಗಳು ಈ ತೆರಿಗೆಯನ್ನು ಹೇಗೆ ನಡೆಸುತ್ತವೆಂದು ಅಧ್ಯಯನ ಮಾಡುತ್ತಿದ್ದೇನೆ. ಎದುರಾಳಿಯ ಕೋಟೆಯನ್ನು ಸುತ್ತು ಹಾಕದೆ ವಾದಕ್ಕೆ ಇಳಿಯಬಾರದು. ಯುರೋಪು ಒಂದೇ ಮನೆ ಎನ್ನುತ್ತಾರೆ. ನಿಜ, ಆದರೆ ಪ್ರತಿ ಕೋಣೆಯಲ್ಲೂ ಬೇರೆ ಅತ್ತೆ.

ಜರ್ಮನಿಯಲ್ಲಿ ರೊಟ್ಟಿಯ ತುಂಡನ್ನು ಕಟ್ಟಿಸಿಕೊಂಡು ಹೋದರೆ ಏಳು, ಅಂಗಡಿಯವನ ಕುರ್ಚಿಯಲ್ಲಿ ಕುಳಿತು ತಿಂದರೆ ಹತ್ತೊಂಬತ್ತು. ವ್ಯತ್ಯಾಸ ರೊಟ್ಟಿಯಲ್ಲಿಲ್ಲ, ಆಸನದಲ್ಲಿದೆ. ಫ್ರಾನ್ಸಿನಲ್ಲಿ ಕಪ್ಪು ಚಾಕೊಲೇಟಿಗೆ ಕಡಿಮೆ ದರ. ಅದಕ್ಕೆ ಹಾಲು ಬೆರೆತೊಡನೆ ಪೂರ್ಣ ದರ. ಡೆನ್ಮಾರ್ಕಿನವರು ಮಾತ್ರ ಮಗುವಿನ ಹಾಲಿಗೂ ಮುದುಕನ ಬಿಯರಿಗೂ ಒಂದೇ ಇಪ್ಪತ್ತೈದು ಹಾಕಿ ನೆಮ್ಮದಿಯಿಂದಿದ್ದಾರೆ. ಹಂಗೆರಿಯವರು ಇಪ್ಪತ್ತೇಳಕ್ಕೆ ಏರಿಸಿ ಎಲ್ಲರನ್ನೂ ಮೀರಿಸಿದ್ದಾರೆ. ಲಕ್ಸಂಬರ್ಗಿನವರು ಹದಿನೇಳಕ್ಕೆ ನಿಂತು ನೆರೆಯವರ ಹೊಟ್ಟೆ ಉರಿಸುತ್ತಿದ್ದಾರೆ.

ಬ್ರಿಟಿಷರು ಎಲ್ಲರಿಗೂ ಮಿಗಿಲು. ಅಲ್ಲಿ ಮನುಷ್ಯನ ಆಕಾರದ ಶುಂಠಿ ಬಿಸ್ಕತ್ತಿಗೆ ಚಾಕೊಲೇಟಿನ ಎರಡು ಚುಕ್ಕೆ ಕಣ್ಣಿಟ್ಟರೆ ತೆರಿಗೆಯಿಲ್ಲ. ಅದೇ ಚಾಕೊಲೇಟಿನಲ್ಲಿ ಚಡ್ಡಿ ತೊಡಿಸಿದರೆ ತೆರಿಗೆಯಿದೆ. ಕಣ್ಣಿದ್ದೂ ಬೆತ್ತಲೆಯಾಗಿರುವ ಪ್ರಜೆಯನ್ನು ಆ ರಾಜ್ಯ ಸುಮ್ಮನೆ ಬಿಡುತ್ತದೆ, ಮಾನ ಮುಚ್ಚಿಕೊಂಡವನ ಜೇಬಿಗೆ ಕೈಹಾಕುತ್ತದೆ.

ಇದನ್ನು ಓದಿ ಹೇಳಿದಾಗ ಗೆನೊವೆಫಾ ಒಲೆಯ ಬಾಗಿಲು ಹಿಡಿದುಕೊಂಡು ನಕ್ಕಳು. “ಲುಡ್ಕಾ ಇದ್ದಿದ್ರೆ ನಾಳೆನೇ ಬೆತ್ತಲೆ ಬೊಂಬೆ ಸುಟ್ಟು ಕಿಟಕೀಲಿ ನಿಲ್ಲಿಸ್ತಿದ್ಲು ಮೇಷ್ಟ್ರೇ!”

ಹಿಂದಿನ ಮಾಲೀಕರ ಹೆಸರನ್ನು ಹೀಗೆ ಮೊಟಕು ಮಾಡಿ ಕರೆಯಬಾರದೆಂದು ಹೇಳಬೇಕಿತ್ತು. ಮರೆತೆ.

ಅಕ್ಟೋಬರ್ 9

ಗಿರಾಕಿಗಳು ಕಡಿಮೆಯಾಗಿದ್ದಾರೆ. ಸತ್ಯಕ್ಕೆ ಬೆಲೆ ಹೆಚ್ಚು ಎಂದು ಗೋಡೆಯ ಮೇಲೆ ಬರೆದು ಅಂಟಿಸಿದೆ. ಗೆನೊವೆಫಾ ಅದನ್ನು ಕಿತ್ತು ಒಲೆಗೆ ಹಾಕಿದಳು.

ಅಕ್ಟೋಬರ್ 23

ಕಚೇರಿಯ ಉತ್ತರ ಬಂದಿದೆ. ಇಷ್ಟು ಬೇಗ ಬಂದದ್ದೇ ಅನುಮಾನಾಸ್ಪದ. ನನ್ನ ಹನ್ನೊಂದು ಪುಟಕ್ಕೆ ಎರಡು ವಾಕ್ಯ: “ಉತ್ಪನ್ನದ ಬಾಳಿಕೆಯ ಅವಧಿಯನ್ನು ಉತ್ಪಾದಕನೇ ಘೋಷಿಸತಕ್ಕದ್ದು. ಘೋಷಿತ ಅವಧಿಗೆ ಅನುಗುಣವಾಗಿ ದರ ಅನ್ವಯಿಸುತ್ತದೆ.”

ಅಂದರೆ ಮಾಡಿದವನು ಎಷ್ಟು ಎನ್ನುತ್ತಾನೋ ಅಷ್ಟೇ ಆಯಸ್ಸು. ರಾಜ್ಯ ತನಿಖೆ ಮಾಡುವುದಿಲ್ಲ, ತಕರಾರು ಎತ್ತುವುದಿಲ್ಲ. ಮಾಡಿದವನ ಮಾತೇ ಪ್ರಮಾಣ.

ಹಾಗಿದ್ದರೆ ಮೇ ತಿಂಗಳಲ್ಲಿ ನನ್ನನ್ನು ಯಾರೂ ಏಕೆ ಕೇಳಲಿಲ್ಲ?

ವಿಷಯಾಂತರ.

ನವೆಂಬರ್ 1, ಸರ್ವಸಂತರ ದಿನ

ತಮ್ಮವರ ಗೋರಿಗೆ ದೀಪವಿಡಲು ಸ್ಮಶಾನದ ಬಾಗಿಲಲ್ಲಿ ಇಡೀ ಊರು ನೆರೆದಿತ್ತು. ಸೇವಂತಿಗೆಗೆ ಎಂಟು, ಗೋರಿಯ ದೀಪಕ್ಕೆ ಇಪ್ಪತ್ಮೂರು. ಹೂವು ಬಾಡುತ್ತದೆ, ಆದ್ದರಿಂದ ಅಗ್ಗ ಎಂದು ನಾನೇ ಒಂದು ಸಿದ್ಧಾಂತ ಕಟ್ಟಿದೆ. ದೀಪವೂ ಆರುತ್ತದಲ್ಲ ಎಂದು ನಾನೇ ಖಂಡಿಸಿದೆ. ಎರಡನ್ನೂ ಕೊಂಡೆ.

ತಿಮೊನ್ ಮೊದಲೇ ಬಂದು ಕಲ್ಲಿನ ಮೇಲಿನ ಎಲೆಗಳನ್ನು ಕೈಯಿಂದ ಗುಡಿಸುತ್ತಿದ್ದ. ಚರ್ಚೆಯೇನೂ ಆಗಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನಗೆ ಕೊಟ್ಟ, ತಾನು ಕುಡಿಯಲಿಲ್ಲ. ಮುಚ್ಚಳ ಒಂದೇ ಇತ್ತು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಸಂತಾಪ ಹೇಳಲು ಬಂದವರೆಲ್ಲ ಹೇಳಿ ಹಗುರಾಗಿ ಮುಂದಿನ ಗೋರಿಗೆ ನಡೆದರು. ನಾನು ಯಾರಿಗೆ ದಾಟಿಸಲಿ?

ನವೆಂಬರ್ 14

ಇಂದು ಜಗಳವಾಯಿತು. ಅದನ್ನು ನಿಷ್ಪಕ್ಷಪಾತವಾಗಿ ದಾಖಲಿಸಲು ಪ್ರಯತ್ನಿಸುತ್ತೇನೆ.

ಈ ಅಂಗಡಿ ಬದುಕುವುದು ಕ್ರಿಸ್ಮಸ್ ಮಾರಾಟದಿಂದ. ಪೊಟ್ಟಣಗಳು ನವೆಂಬರ್ 25ರ ಸಂತ ಕ್ಯಾಥರೀನಳ ಹಬ್ಬ ಕಳೆದೊಡನೆ ಹೊರಡಬೇಕು. ಗೆನೊವೆಫಾ ಏಪ್ರನ್ ಬಿಚ್ಚಿ ಮೇಜಿನ ಮೇಲಿಟ್ಟಳು.

“ಮೇಷ್ಟ್ರೇ, ತೊಂಬತ್ತು ದಿನ ಅಂತ ಬರ್ದು ಇಪ್ಪತ್ಮೂರು ಹಾಕಿದ್ರೆ ಎದುರಂಗಡಿ ಮುಂದೆ ನಾವು ನಿಲ್ಲಲ್ಲ. ಕ್ರಿಸ್ಮಸ್ ಕೈಬಿಟ್ರೆ ಜನವರೀಲಿ ಬಾಗಿಲಿಗೆ ಬೀಗ. ಆ ಬೀಗದ ಮೇಲೂ ಸತ್ಯ ಅಂತ ಬರೀರಿ.”

“ಸುಳ್ಳಿನಿಂದ ಉಳಿಯುವ ಅಂಗಡಿ ಉಳಿಯದಿರುವುದೇ ಲೇಸು.”

“ಅಂಗಡಿ ನಿಮ್ದಲ್ಲ!” ಎಂದು ತಿಮೊನ್ ಎದ್ದು ನಿಂತ. ಅವನು ದನಿ ಎತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು. “ಅವ್ಳದು. ಅವ್ಳು ಕಟ್ಟಿದ್ದನ್ನ ನೀವು ಸತ್ಯದ ಹೆಸ್ರಲ್ಲಿ ಮುಚ್ತಿದೀರಿ.”

“ಬಾಳುವುದಕ್ಕೆ ಬಾಳುವುದಿಲ್ಲ ಎಂದು ನಾನು ಮೊಹರು ಒತ್ತುವುದಿಲ್ಲ.”

“ಒತ್ತಿದ್ರೆ ಆಯಸ್ಸು ಕಮ್ಮಿ ಆಗಲ್ಲ ಸಾರ್. ಒತ್ತದೇ ಇದ್ರೆ ಹೆಚ್ಚೂ ಆಗಲ್ಲ.”

ಒಲೆಯೊಳಗೆ ಏನೋ ಚಟಪಟ ಎನ್ನುತ್ತಿತ್ತು. ಗೆನೊವೆಫಾ ಅತ್ತ ತಿರುಗಿಕೊಂಡಳು.

ತಿಮೊನ್ ಕುಳಿತುಕೊಂಡು ಮೆಲ್ಲಗೆ ಹೇಳಿದ: “ಮೊಹರು ಒತ್ತುವಾಗ ಅವ್ಳು ಏನಂತಿದ್ಲು ಗೊತ್ತಾ? ‘ಇಷ್ಟು ರುಚಿಯಾಗಿರೋದನ್ನ ನಲವತ್ತೈದು ದಿನಕ್ಕಿಂತ ಜಾಸ್ತಿ ಮುಚ್ಚಿಟ್ಕೊಳ್ಳೋರು ಜಿಪುಣ್ರು ತಿಮೊನ್. ಈ ತೆರಿಗೆ ಇಂಥೋರಿಗೇ ಇರ್ಬೇಕು’ ಅಂತ. ಪ್ರತಿ ಸಲ ಅದೇ ಜೋಕು. ಪ್ರತಿ ಸಲ ಅವಳೇ ನಗೋಳು.”

ಇದಕ್ಕೆ ಪ್ರತಿವಾದವಿದೆ. ನಾಳೆ ಬರೆಯುತ್ತೇನೆ.

ನವೆಂಬರ್ 15

ಪ್ರತಿವಾದ ಬರೆಯಲಿಲ್ಲ.

ನವೆಂಬರ್ 21

ನೆಲಮಾಳಿಗೆಗೆ ಇಳಿದಿದ್ದೆ. ಜಾಡಿಯ ಬಟ್ಟೆಯ ಮೇಲೆ ಅಪೊಲೊನ್ಯಾಳ ಹೊಲಿಗೆ ಇದೆ. ಮಗುವಿನ ಹೆಸರು, ಹುಟ್ಟಿದ ತಿಂಗಳು. ಬೆರಳಿನಿಂದ ತಟ್ಟಿದೆ. ಒಳಗಿನದು ಕಲ್ಲಿನಂತಿದೆ.

ಶನಿವಾರ ಬಿಡುವಿದೆಯೇ ಎಂದು ಗೆನೊವೆಫಾಳನ್ನು ಕೇಳಿದೆ. “ಆ ಶನಿವಾರವನ್ನ ಜನವರೀಲೇ ಬಿಡುವು ಮಾಡ್ಕೊಂಡಿದ್ದೆ ಮೇಷ್ಟ್ರೇ. ಹೊಸ ಉಡುಪೂ ಹೊಲಿಸಿದ್ದೆ” ಎಂದಳು.

ನವೆಂಬರ್ 24, ಶನಿವಾರ

ಜಾಡಿಯನ್ನು ತಿಮೊನ್ ಮತ್ತು ನಾನು ಮೇಲೆ ಹೊತ್ತು ತಂದೆವು. ಮೆಟ್ಟಿಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಬಗ್ಗೆ ಒಂದು ಸಣ್ಣ ಚರ್ಚೆಯಾಯಿತು. ನಾನು ಸೋತೆ, ಹಿಂದೆ ನಿಂತೆ.

ಗೆನೊವೆಫಾ ಜಾಡಿಯನ್ನು ಒಲೆಯ ಪಕ್ಕದಲ್ಲಿ ಬೆಚ್ಚಗಿಟ್ಟು ಅರ್ಧ ದಿನ ಕಾಯಿಸಿದಳು. ಆಮೇಲೂ ಅದು ಬಗ್ಗಲಿಲ್ಲ. ಕೊನೆಗೆ ಉಳಿಯಿಂದ ತುಂಡುತುಂಡಾಗಿ ಕೆತ್ತಿ, ಗೆನೊವೆಫಾಳ ಮನೆಯ ಕೋಳಿಮೊಟ್ಟೆ ಒಡೆದು ಹಾಕಿ, ಸೋಡಾ ಸೇರಿಸಿ, ನಾವು ಮೂವರೂ ಸರದಿಯಲ್ಲಿ ನಾದಿದೆವು. ಕಾಲೇಜಿನ ದಿನಗಳಿಂದ ಈಚೆಗೆ ಯಾರೂ ನನ್ನನ್ನು ಹೀಗೆ ಬೆವರಿಸಿರಲಿಲ್ಲ.

“ಇದಕ್ಕೆ ನಿಮ್ಮ ಬುದ್ಧಿನೇ ಬಂದಿದೆ” ಎಂದಳು ಗೆನೊವೆಫಾ. “ಬಿಸಿ ತೋರ್ಸಿದ್ರೂ ಮೆತ್ತಗಾಗಲ್ಲ.”

ಸಂಜೆ ನಾಲ್ಕಕ್ಕೆಲ್ಲ ಕತ್ತಲು ಕವಿಯುವ ಹೊತ್ತು. ಮೊದಲ ತಟ್ಟೆ ಹೊರಬಂತು. ಲವಂಗ, ಸುಟ್ಟ ಜೇನು, ಮತ್ತೆ ಇನ್ನೊಂದು ವಾಸನೆ. ಅಪೊಲೊನ್ಯಾ ತೊಟ್ಟಿಲ ಪಕ್ಕದಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ಅಡುಗೆಮನೆಯ ವಾಸನೆ. ಅದು ಇಷ್ಟು ವರ್ಷ ಆ ಬಟ್ಟೆಯ ಕೆಳಗೇ ಇತ್ತು. ಬೀದಿಯಲ್ಲಿ ಹೋಗುವವರು ನಿಂತರು. ಎದುರಂಗಡಿಯವನೇ ಟೋಪಿ ತೆಗೆದು ಒಳಗೆ ಬಂದ. ಅವನ ಹಿಂದೆ ತರಕಾರಿ ಚೀಲ ಹಿಡಿದ ಕುನಿತ್ಸ್ಕಾ.

“ಎಷ್ಟು?” ಎಂದರು ಆಕೆ.

“ಇದು ಮಾರಾಟಕ್ಕಿಲ್ಲ. ತಿನ್ನಿ.”

ಆಕೆ ಕೈ ಚಾಚಿದವರು ಹಾಗೆಯೇ ನಿಂತರು. ಹುದ್ದೆ ಎಂಬುದು ಶನಿವಾರವೂ ಮನುಷ್ಯನನ್ನು ಬಿಡುವುದಿಲ್ಲ. “ವ್ಯಾಪಾರಿ ಪುಕ್ಕಟೆ ಕೊಟ್ರೂ ತೆರಿಗೆ ಇದೆ ಸಾರ್. ಕೊಂಡಾಗ ಕೊಟ್ಟ ತೆರಿಗೇನ ಹಿಡ್ಕೊಂಡಿದ್ರೆ, ಕೊಟ್ಟೋನೇ ಕೊನೇ ಕೈ.”

“ಆಗಲಿ. ನಾನೇ ಕೊನೆಯ ಕೈ” ಎಂದೆ.

ತಿಮೊನ್ ಮಧ್ಯೆ ಬಂದ. “ಒಂದ್ನಿಮಿಷ ಮೇಡಂ. ಹಿಡ್ಕೊಂಡಿದ್ರೆ ತಾನೆ? ಈ ಹಿಟ್ಟು, ಜೇನು ಕೊಂಡಿದ್ದು ಯಾವಾಗ ಅಂತ ಕೇಳಿ.”

“ಯಾವಾಗ ಸಾರ್?”

“ಸಾವಿರದ ಒಂಬೈನೂರ ತೊಂಬತ್ತು, ಮಾರ್ಚ್” ಎಂದೆ.

ಕುನಿತ್ಸ್ಕಾ ಚೀಲವನ್ನು ಕೆಳಗಿಟ್ಟರು. ಮನಸ್ಸಿನಲ್ಲೇ ಏನೋ ಎಣಿಸಿದರು. “ಆಗ ಈ ತೆರಿಗೆನೇ ಇರ್ಲಿಲ್ವಲ್ಲ. ಪೋಲೆಂಡಿಗೆ ಬಂದಿದ್ದೇ ತೊಂಬತ್ಮೂರರಲ್ಲಿ.”

“ಅದೇ” ಎಂದ ತಿಮೊನ್. “ಇದು ನಿಮ್ಮ ಇಲಾಖೆಗಿಂತ ಹಿರಿಯದು.”

“ಸೋಡಾ?”

“ಸೋಡಾದ ತೆರಿಗೆಯನ್ನು ನಾನು ಕಟ್ಟುತ್ತೇನೆ” ಎಂದೆ.

ಎಲ್ಲರೂ ನಕ್ಕರು. ನಾನು ಅದನ್ನು ಹಾಸ್ಯಕ್ಕೆ ಹೇಳಿರಲಿಲ್ಲ. ಆದರೂ ನನಗೂ ನಗು ಬಂತು.

ಆಗ ತಾನೇ ಸುಟ್ಟ ಹಳೆಯ ಹಿಟ್ಟಿನ ಕೇಕು ಹಲ್ಲು ಮುರಿಯುವಷ್ಟು ಗಟ್ಟಿ. ಕೆಲವು ವಾರ ಮುಚ್ಚಿಟ್ಟರೆ ತಾನೇ ಮೆತ್ತಗಾಗುತ್ತದೆ, ಹಾಗೆ ಇಡುವುದೇ ಕ್ರಮ. ಕುನಿತ್ಸ್ಕಾ ಕೇಳಿದರು: “ಇದನ್ನ ಎಷ್ಟು ದಿನ ಇಡ್ಬಹುದು?”

ಸೆಪ್ಟೆಂಬರಿನಿಂದ ನಾನು ಈ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಲಿ ಎಂದು ಕಾಯುತ್ತಿದ್ದೆ. ಹನ್ನೊಂದು ಪುಟದ ಉತ್ತರ ಬಾಯಿಪಾಠವಾಗಿತ್ತು.

“ಇಡಬೇಡಿ. ಚಹಾದಲ್ಲಿ ಅದ್ದಿ ಈಗಲೇ ತಿನ್ನಿ” ಎಂದೆ.

ಗೆನೊವೆಫಾ ಸಮೋವರಿನಲ್ಲಿ ನೀರು ಕಾಯಿಸಿದಳು. ಅಂಗಡಿಯಲ್ಲಿ ಕುರ್ಚಿ ಸಾಲದೆ ಕೆಲವರು ನಿಂತೇ ತಿಂದರು. ಜರ್ಮನರ ಲೆಕ್ಕದಲ್ಲಿ ನಿಂತವರದು ಯಾವ ದರ ಎಂದು ಎದುರಂಗಡಿಯವನಿಗೆ ವಿವರಿಸಲು ಹೊರಟೆ. ಅವನು ತಿನ್ನುತ್ತಿದ್ದ, ಬಿಟ್ಟುಬಿಟ್ಟೆ. ಲುಡ್ವಿಕಾ ಒಮ್ಮೆ ಪುರಸಭೆಯವರಿಗೆ ಖಾಲಿ ಪೊಟ್ಟಣ ಕೊಟ್ಟು ಕಳಿಸಿದ ಕಥೆಯನ್ನು ಯಾರೋ ಹೇಳಿದರು. ಅದರಲ್ಲಿ ಎರಡು ವಿವರ ತಪ್ಪಿದ್ದವು. ತಿದ್ದಲಿಲ್ಲ. ನನಗೆ ಗೊತ್ತಿರದ ಇನ್ನೂ ಮೂರು ಕಥೆಗಳು ಹೊರಬಂದವು. ಲುಡ್ಕಾಗೆ ಹಾಡಲು ಬರುತ್ತಿರಲಿಲ್ಲವಂತೆ, ಆದರೂ ಹಾಡುತ್ತಿದ್ದಳಂತೆ. ಅದು ನನಗೆ ಗೊತ್ತಿತ್ತು.

ಹೊರಡುವಾಗ ತಿಮೊನ್ ಖಾಲಿ ಜಾಡಿ ತೊಳೆಯುತ್ತ ಕೇಳಿದ: “ಇದನ್ನ ಎಲ್ಲಿಡ್ಲಿ ಮಾವ?”

“ಕಿಟಕಿಯಲ್ಲಿ ಇಡು” ಎಂದೆ. “ಬೆಳಕು ಬೀಳಲಿ.”

ನವೆಂಬರ್ 27, ಮಂಗಳವಾರ

ಬೆಳಗ್ಗೆಯಿಂದ ಕ್ರಿಸ್ಮಸ್ ಪೊಟ್ಟಣಗಳಿಗೆ ನಾನೇ ಕೂತು ಮೊಹರು ಒತ್ತಿದೆ. ನಲವತ್ತೈದು ದಿನ. ಗೆನೊವೆಫಾ ನೋಡಿಯೂ ನೋಡದವಳಂತೆ ಇದ್ದಳು. ಒಬ್ಬ ಮುದುಕಿ ಬಂದು, ಇದನ್ನು ಈಸ್ಟರ್ ತನಕ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಜಿಪುಣರು ಮಾತ್ರ ಇಟ್ಟುಕೊಳ್ಳುತ್ತಾರೆ ಎಂದೆ. ಆಕೆ ಇನ್ನೆರಡು ಪೊಟ್ಟಣ ಕೊಂಡರು.

ಶಾಯಿ ಒರೆಸಿಕೊಳ್ಳಲು ಕೋಟಿನ ಜೇಬಿನಲ್ಲಿ ಕರವಸ್ತ್ರ ಹುಡುಕಿದಾಗ ಶನಿವಾರದ ಒಂದು ತುಂಡು ಸಿಕ್ಕಿತು. ಯಾವಾಗ ಇಟ್ಟುಕೊಂಡೆನೋ ತಿಳಿಯದು. ಆ ಜಾಡಿಯದು ಇನ್ನು ಉಳಿದಿರುವುದು ಇದೊಂದೇ. ಕಾಗದದಲ್ಲಿ ಸುತ್ತಿ ತಂಪಾದ ಕಡೆ ಇಟ್ಟರೆ ನನಗಿಂತ ಹೆಚ್ಚು ಕಾಲ ಬಾಳುತ್ತದೆ.

ಚಹಾ ಮಾಡಿಕೊಂಡು, ಅದ್ದಿಕೊಂಡು ತಿಂದೆ.